ನಿಮಗಿದು ಗೊತ್ತೆ? ಹುಬ್ಬೆತ್ತಲು ಇರುವುದು ಒಂದೇ ಸ್ನಾಯು!

ಹುಬ್ಬನ್ನು ಕೆಳಕ್ಕೆಳೆಯಲು ಹಲವು ಸ್ನಾಯುಗಳಿವೆ. ಮೇಲೆತ್ತಲು ಇರುವುದು ಒಂದೇ: ಹಣೆಯ ಫ್ರಂಟಾಲಿಸ್.

ಅದನ್ನು ಆಡಿಸುವ ನರದ ಕವಲು ದಾರದಷ್ಟು ತೆಳು. ಕಿವಿಯ ಮುಂಭಾಗದಿಂದ ಹೊರಟು, ಕಣತಲೆಯ ಚರ್ಮದಡಿ ಹಾದು, ಹುಬ್ಬಿನ ಹೊರತುದಿಗಿಂತ ಸುಮಾರು 1.5 ಸೆಂ.ಮೀ. ಮೇಲೆ ಹಣೆ ಸೇರುತ್ತದೆ. ಬೈಕಿನಿಂದ ಬಿದ್ದು ಈ ಜಾಗದಲ್ಲಿ ಆಳದ ಗಾಯವಾಗಿ ನರ ತುಂಡಾದರೆ ಆ ಬದಿಯ ಹುಬ್ಬು ಜೋತುಬೀಳುತ್ತದೆ. ಮುಖದ ಶಸ್ತ್ರಚಿಕಿತ್ಸೆಯಲ್ಲೂ ವೈದ್ಯರು ಬಲು ಎಚ್ಚರದಿಂದ ಕಾಯುವ ದಾರಿ ಇದೇ.

ಬೆಲ್ಸ್ ಪಾಲ್ಸಿಯಲ್ಲಿ ಮುಖದ ಒಂದು ಬದಿಯ ನರ ದಿಢೀರನೆ ಸೋಲುತ್ತದೆ. ಹೆಚ್ಚಿನವರಿಗೆ ಕೆಲವೇ ತಿಂಗಳಲ್ಲಿ ಗುಣವಾಗುವುದರಿಂದ ಶಸ್ತ್ರಚಿಕಿತ್ಸೆಗೆ ಯಾರೂ ಅವಸರ ಮಾಡುವುದಿಲ್ಲ. ಗುಣವಾಗದೇ ಉಳಿದರೆ ಹುಬ್ಬಿನ ಮೇಲಂಚಿನ ಚರ್ಮದ ಪಟ್ಟಿ ತೆಗೆದು, ಹೊಲಿದು ಮೇಲೆತ್ತುತ್ತಾರೆ. ಎತ್ತರ ಸಿಗುತ್ತದೆ, ಚಲನೆ ಮರಳುವುದಿಲ್ಲ.

ಇನ್ನೂ ಸೋಜಿಗವೆಂದರೆ, ಹಣೆಗೆ ಮೆದುಳಿನ ಎರಡೂ ಬದಿಯಿಂದ ಆದೇಶ ಬರುತ್ತದೆ. ಹಾಗಾಗಿ ಪಾರ್ಶ್ವವಾಯು ಬಡಿದು ಬಾಯಿ ಸೊಟ್ಟಗಾದರೂ ಹುಬ್ಬು ಸಾಮಾನ್ಯವಾಗಿ ಏಳುತ್ತದೆ!

‘ಹುಬ್ಬು ಆಡುತ್ತಿದೆಯಲ್ಲ, ಏನೂ ಆಗಿಲ್ಲ’ ಎಂದು ಕೂರುವುದು ಅಪಾಯ. ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ಮೊದಲ 4.5 ಗಂಟೆಯೊಳಗೇ ಬೀಳಬೇಕು. ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದಂಥ ಊರಿನವರಿಗೆ ಮೈಸೂರಿನ ದೊಡ್ಡಾಸ್ಪತ್ರೆ ತಲುಪುವ ಹೊತ್ತೂ ಇದರಲ್ಲೇ ಸೇರಿದೆ. ಮುಖ ಸೊಟ್ಟಗಾದದ್ದು ಕಂಡ ಕೂಡಲೇ 108ಕ್ಕೆ ಕರೆ ಮಾಡಿ.