ಕಾಲೇಜೊಂದೇ ದಾರಿಯಲ್ಲ, ಕಸುಬೂ ದಾರಿಯೇ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ. ನಮ್ಮ ಬೀದಿಯ ಜಗಲಿಗಳ ಮೇಲೆಲ್ಲ ಅಂಕಗಳದ್ದೇ ಮಾತು. ಪಕ್ಕದ ಮನೆಯಾಕೆ ಮಾತ್ರ ಕರಿಬೇವು ಕೇಳುವ ನೆಪದಲ್ಲಿ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮಗಳು ಪಿಯುಸಿ ಬೇಡ, ಐಟಿಐಗೆ ಸೇರಿ ಎಲೆಕ್ಟ್ರಿಷಿಯನ್ ಆಗ್ತೀನಿ ಅಂತಾಳೆ ಅಕ್ಕ. ನೆಂಟರು ಏನಂದಾರು?"

ನೆಂಟರ ಮಾತು ಹಾಗಿರಲಿ. ಆ ದಾರಿ ಎಲ್ಲಿಗೆ ಹೋಗುತ್ತದೆಂದು ಮೊದಲು ನೋಡೋಣ.

ಐಟಿಐ ಆದ ಮೇಲಿನ ಮುಖ್ಯ ಮೆಟ್ಟಿಲು ಅಪ್ರೆಂಟಿಸ್ ತರಬೇತಿ. ಸರ್ಕಾರಿ ಕಾಗದಗಳಲ್ಲಿ 'ಶಿಶಿಕ್ಷು ತರಬೇತಿ' ಎಂದಿರುತ್ತದೆ. ನುರಿತವರ ಕೈಕೆಳಗೆ ನಿಂತು, ಕೆಲಸ ಮಾಡುತ್ತಲೇ ಕಲಿಯುವುದು. ಕಲಿಯುವಾಗಲೇ ತಿಂಗಳಿಗಿಷ್ಟು ಶಿಷ್ಯವೇತನ ಪಡೆಯುವುದು. ಅಜ್ಜಿಯ ಪಕ್ಕದಲ್ಲಿ ನಿಂತು ನಾವು ಹೋಳಿಗೆ ಕಲಿತೆವಲ್ಲ, ಹಾಗೆ. ಪುಸ್ತಕ ಓದಿ ಕಣಕದ ಹದ ಯಾರಿಗೆ ತಾನೆ ಬಂದಿದೆ?

ಇದಕ್ಕೆ 1961ರಲ್ಲೇ ಕಾಯ್ದೆಯಾಗಿದೆ. ಹೆಚ್ಚು ಸಂಸ್ಥೆಗಳು ಮುಂದೆ ಬರಲೆಂದು ಕೇಂದ್ರ ಸರ್ಕಾರ 2016ರಲ್ಲಿ ಯೋಜನೆಯೊಂದನ್ನು ತಂದು, ಶಿಷ್ಯವೇತನದ ಒಂದು ಪಾಲನ್ನು ತಾನೇ ಹೊತ್ತುಕೊಂಡಿತು. 2019ರ ನಿಯಮದಲ್ಲಿ ಐಟಿಐ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000 ರೂಪಾಯಿ ಎಂದು ಗೊತ್ತುಮಾಡಿದರು. ಸೇರುವಾಗ ಆಗಿನ ದರವನ್ನು ಕೇಳಿ ತಿಳಿಯಿರಿ. ನಮ್ಮಲ್ಲಿ ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಹುಬ್ಬಳ್ಳಿ ಮತ್ತು ಮೈಸೂರಿನ ರೈಲ್ವೆ ಕಾರ್ಯಾಗಾರಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತವೆ. ಕೊನೆಯ ಪರೀಕ್ಷೆಯಲ್ಲಿ ಪಾಸಾದರೆ ದೇಶದಲ್ಲೆಲ್ಲ ನಡೆಯುವ ಪ್ರಮಾಣಪತ್ರ ಸಿಗುತ್ತದೆ.

"ಓದು ಅಲ್ಲಿಗೇ ನಿಂತುಹೋಗುತ್ತಲ್ಲ" ಎನ್ನಬೇಡಿ. ಎರಡು ವರ್ಷದ ಐಟಿಐ ಆದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೇ ಸೇರುವ ಅವಕಾಶ ನಮ್ಮ ರಾಜ್ಯದಲ್ಲಿದೆ.

ಒಂದು ಕಹಿ ಮಾತನ್ನೂ ಹೇಳಿಬಿಡುತ್ತೇನೆ. ತರಬೇತಿ ಕೊಟ್ಟ ಕಂಪನಿ ಕೆಲಸವನ್ನೂ ಕೊಡಲೇಬೇಕೆಂದಿಲ್ಲ. ತರಬೇತಿಯ ಹೆಸರಿನಲ್ಲಿ ಏನನ್ನೂ ಕಲಿಸದೆ ದುಡಿಸಿಕೊಳ್ಳುವವರೂ ಇದ್ದಾರೆ. ಆದ್ದರಿಂದ ತಾಯಂದಿರು ಇಷ್ಟನ್ನು ನೆನಪಿಡಿ:

* ಬರೆಹದಲ್ಲಿ ಕರಾರು ಇರಲೇಬೇಕು. ಮಗುವಿಗೆ 18 ತುಂಬಿಲ್ಲದಿದ್ದರೆ ಅದಕ್ಕೆ ಪೋಷಕರು ಸಹಿ ಹಾಕಬೇಕು. ಓದದೆ ಹಾಕಬೇಡಿ.

* ಯಾವ ಕಸುಬು, ಎಷ್ಟು ತಿಂಗಳು, ಕೊನೆಗೆ ಪರೀಕ್ಷೆ ಉಂಟೇ ಎಂದು ವಿಚಾರಿಸಿ.

* ತರಬೇತಿಯ ಕೆಲಸದಲ್ಲಿ ಪೆಟ್ಟಾದರೆ ಪರಿಹಾರದ ಹೊಣೆ ಮಾಲೀಕರದು. ಇದು ಕಾಯ್ದೆಯಲ್ಲೇ ಇದೆ.

* ಹೆಣ್ಣುಮಕ್ಕಳಾದರೆ ಉಳಿಯುವ ಜಾಗ, ಬಸ್ಸಿನ ವೇಳೆ, ಶೌಚಾಲಯ ಎಲ್ಲವನ್ನೂ ನೀವೇ ಒಮ್ಮೆ ಹೋಗಿ ನೋಡಿ ಬನ್ನಿ.

* "ಸೇರಿಸಿಕೊಡ್ತೀನಿ, ಇಷ್ಟು ಕೊಡಿ" ಎನ್ನುವವರನ್ನು ಬಾಗಿಲಿನಿಂದಲೇ ಕಳಿಸಿ. ಹತ್ತಿರದ ಸರ್ಕಾರಿ ಐಟಿಐನಲ್ಲಿ ಕೇಳಿದರೆ ವಿವರ ಸಿಗುತ್ತದೆ.

ಮಿಕ್ಸಿ ಕೆಟ್ಟರೆ, ಫ್ಯೂಸು ಹೋದರೆ ಆ ಕೆಲಸ ಬಲ್ಲವನ ದಾರಿಯನ್ನು ದಿನವಿಡೀ ಕಾಯುತ್ತೇವೆ. ಅದೇ ವಿದ್ಯೆಯನ್ನು ನಮ್ಮ ಮಗಳು ಕಲಿಯುತ್ತೇನೆಂದರೆ ಮಾತ್ರ ಕೀಳಾಗಿ ಕಾಣುತ್ತದೆ! ಮಕ್ಕಳ ಮನಸ್ಸು ಎತ್ತ ಒಲಿದಿದೆ ಎನ್ನುವುದನ್ನು ಹೆತ್ತವಳಲ್ಲದೆ ಬೇರೆ ಯಾರು ನೋಡಬೇಕು?

ಇಷ್ಟು ಹೇಳುವ ಹೊತ್ತಿಗೆ ಆಕೆಯ ಮುಖ ಸ್ವಲ್ಪ ಗೆಲುವಾಗಿತ್ತು. ನಾಳೆಯೇ ಮಗಳೊಡನೆ ಹೋಗಿ ಐಟಿಐ ಅರ್ಜಿ ತರುತ್ತೇನೆಂದಳು. "ಆದ್ರೂ ಅಕ್ಕ, ನೆಂಟರಿಗೆ ಏನು ಹೇಳ್ಲಿ?"

"ಅವರ ಮನೆ ಫ್ಯೂಸು ಹೋದಾಗ ಹೇಳಿದರಾಯಿತು ಬಿಡಮ್ಮ" ಎಂದೆ. ಅವಳು ಕರಿಬೇವನ್ನು ಮರೆತೇ ಹೋದಳು.