ನಳ್ಳಿ ನಿಂತ ದಿನ ದಿವಾದಲ್ಲಿ ಗಿಡ ಕೊಡುವ ಗುಟುಕು ನೀರು

ಊರಿಗೆ ಹೊರಟ ಮತ್ಸ್ಯಗಂಧಾ ರೈಲು ಠಾಣೆ ದಾಟಿ ಪನ್ವೇಲ್ ಹಳಿಗೆ ತಿರುಗುವುದು ದಿವಾ ಜಂಕ್ಷನ್‌ನಲ್ಲಿ. ಇಲ್ಲಿ ನೆಲೆಸಿರುವ ತುಳು-ಕನ್ನಡಿಗರಿಗೆ ಕೊಡ, ಟ್ಯಾಂಕರ್, 20 ಲೀಟರಿನ ಜಾರ್ ಹೊಸತಲ್ಲ. ಪೈಪ್‌ಲೈನ್ ದುರಸ್ತಿಗೆಂದು 24 ತಾಸು ನೀರು ನಿಂತರೆ ಮನೆಮನೆಯಲ್ಲೂ ಪರದಾಟ. ಪಕ್ಕದಲ್ಲೇ ಖಾಡಿ ಇದೆ, ಆದರೆ ಅದು ಉಪ್ಪು. ಮನೆಯಲ್ಲಿ ವೃದ್ಧರೋ ಬಾಣಂತಿಯೋ ಇದ್ದರೆ ಗತಿಯೇನು?

ತೋಟದ ಬದುಕು ಕಂಡವರಿಗೆ ಮೊದಲು ನೆನಪಾಗುವುದು ಬಾಳೆ. ಗೊನೆ ಕಡಿದ ಬಾಳೆಯನ್ನು ನೆಲದಿಂದ ಅರ್ಧ ಅಡಿ ಮೇಲೆ ಕತ್ತರಿಸಿ, ಬುಡದ ನಡುವೆ ಬಟ್ಟಲಿನಂತೆ ತೋಡಿ ಮುಚ್ಚಿಟ್ಟರೆ, ಬೇರು ಹೀರಿದ ನೀರು ಅಲ್ಲಿ ಒಸರಿ ನಿಲ್ಲುತ್ತದೆ. ಮೊದಲು ತುಂಬಿದ್ದು ಒಗರು, ಅದನ್ನು ಚೆಲ್ಲಬೇಕು. ಆದರೆ ಚಾಳಿನ ಗಟಾರದ ಬದಿಯ ಬಾಳೆಗೆ ಕೈ ಹಾಕದಿರುವುದೇ ಒಳಿತು.

ಇನ್ನೊಂದು ದಾರಿಗೆ ಕತ್ತಿಯೂ ಬೇಡ. ಬಿಸಿಲಿಗೆ ಬಿದ್ದ ಪೇರಳೆ ಅಥವಾ ನೇರಳೆಯ ಎಲೆ ತುಂಬಿದ ಕೊಂಬೆಯ ಧೂಳು ಒರೆಸಿ, ಪಾರದರ್ಶಕ ಪ್ಲಾಸ್ಟಿಕ್ ಚೀಲ ತೊಡಿಸಿ, ಬಾಯಿ ಬಿಗಿದು ಕಟ್ಟಬೇಕು. ಚೀಲದ ಒಂದು ಮೂಲೆ ಕೆಳಗೆ ಜೋತಿರಲಿ. ಎಲೆಗಳು ಬಿಡುವ ಆವಿ ಚೀಲದೊಳಗೆ ಹನಿಯಾಗಿ ಆ ಮೂಲೆಗೆ ಇಳಿಯುತ್ತದೆ. ಮಣ್ಣಿನ ಉಪ್ಪು ಆವಿಯೊಂದಿಗೆ ಬಾರದು. ಆದರೂ ಕುದಿಸಿಯೇ ಕುಡಿಯಬೇಕು. ಕಣಗಿಲೆ, ಎಕ್ಕ, ಕಳ್ಳಿ ಮತ್ತು ಹಾಲು ಒಸರುವ ಯಾವುದೇ ಗಿಡ ಬೇಡವೇ ಬೇಡ. ಖಾಡಿಯಂಚಿನ ಕಾಂಡ್ಲಾ ಕಾಡಿನಲ್ಲೂ ಹಾಲು ತಗಲಿದರೆ ಕಣ್ಣಿಗೇ ಅಪಾಯವಾಗುವ ಮರವೊಂದಿದೆ.

ಘಟ್ಟದ ಕಾಡಿನಲ್ಲಿ ಮರಾಠಿಗರು ಉಕ್ಷಿ ಎನ್ನುವ ಬಳ್ಳಿಯನ್ನು ಕಡಿದು, ತೊರೆ ಬತ್ತಿದ ಬೇಸಿಗೆಯಲ್ಲಿ ಜನ ಬಾಯಾರಿಕೆ ನೀಗಿಸಿಕೊಳ್ಳುತ್ತಾರೆ. 2024ರಲ್ಲಿ ಆಂಧ್ರದ ಪಾಪಿಕೊಂಡ ಅರಣ್ಯದಲ್ಲಿ ಅಧಿಕಾರಿಗಳು ಮತ್ತಿ ಮರದ ತೊಗಟೆ ಕೆತ್ತಿದಾಗ ನೀರು ಚಿಮ್ಮಿದ್ದು ಸುದ್ದಿಯಾಗಿತ್ತು. ದಿವಾದ ಕಟ್ಟಡಗಳ ನಡುವೆ ಅಂಥ ಮರಗಳನ್ನು ಹುಡುಕಲು ಹೋಗುವುದು ವ್ಯರ್ಥ.

ಲೆಕ್ಕ ಮಾತ್ರ ಮರೆಯುವಂತಿಲ್ಲ. ಒಬ್ಬರಿಗೆ ದಿನಕ್ಕೆ ಎರಡು-ಮೂರು ಲೀಟರ್ ನೀರು ಬೇಕು, ಒಂದು ಚೀಲ ಇಡೀ ದಿನಕ್ಕೆ ಕೊಡುವುದು ಕೆಲವು ಚಮಚ, ಹೆಚ್ಚೆಂದರೆ ಒಂದು ಲೋಟ. ಕೊಂಬೆಗೆ ಚೀಲ ಕಟ್ಟಿ ಬೇಸಿಗೆ ಕಳೆಯುವ ಮಾತಲ್ಲ, ಒಣಗಿದ ಬಾಯಿಗೊಂದು ಗುಟುಕು ಅಷ್ಟೇ. ಅದಕ್ಕಿಂತ ಸ್ಟೇಶನ್ ಬಳಿಯ ಎಳನೀರೇ ಎಷ್ಟೋ ಮೇಲು. ಆದರೆ ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಎಳನೀರು ಕುಡಿಯಬಾರದು, ಅದರಲ್ಲಿ ಪೊಟ್ಯಾಶಿಯಂ ಅಧಿಕ.

ಮಳೆಗಾಲದಲ್ಲಿ ಚೀಲದ ಉಪಾಯ ನಡೆಯದು, ಬಿಸಿಲೇ ಇರುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದಂಥ ದಿನ, ನೆರೆನೀರು ಮುಟ್ಟದೆ, ಟೆರೇಸಿನಲ್ಲಿ ಶುಭ್ರ ಪಾತ್ರೆಯಿಟ್ಟು ನೇರ ಬಿದ್ದ ಮಳೆನೀರು ಹಿಡಿದು ಕುದಿಸಿಕೊಂಡರೆ ಒಂದು ತಾಸಿನೊಳಗೆ ಮನೆಮಂದಿಗೆಲ್ಲ ಸಾಕಾಗುತ್ತದೆ.