ತಾಯಿಯ ಗರ್ಭಕೋಶ ಮಗಳಿಗೆ

ಪರೇಲಿನ ಕೆ.ಇ.ಎಂ. ಆಸ್ಪತ್ರೆ ಮುಂಬಯಿಯ ನಮ್ಮ ಕುಟುಂಬಗಳಿಗೆ ಚಿರಪರಿಚಿತ. 1965ರಲ್ಲಿ ಡಾ. ಪಿ. ಕೆ. ಸೇನ್ ಅವರು ಮೂತ್ರಪಿಂಡವನ್ನು ಕಸಿ ಮಾಡಿದ್ದು ಅಲ್ಲಿಯೇ. 1986ರ ಆಗಸ್ಟ್ 6ರಂದು ಡಾ. ಇಂದಿರಾ ಹಿಂದುಜಾ ಅವರ ಪ್ರಯತ್ನದಿಂದ ಪ್ರನಾಳ ಶಿಶು ಜನಿಸಿದ್ದೂ ಅಲ್ಲಿಯೇ. ಇಂಥ ಎರಡು ವಿದ್ಯೆಗಳು ಒಂದುಗೂಡಿ ಸಾಧ್ಯವಾದದ್ದು ಗರ್ಭಕೋಶದ ಕಸಿ.

ಹುಟ್ಟಿನಿಂದಲೇ ಗರ್ಭಕೋಶವಿಲ್ಲದ ಸ್ತ್ರೀಯರು ಸುಮಾರು 5,000ಕ್ಕೆ ಒಬ್ಬರೆಂದು ಲೆಕ್ಕ. ರೋಗದಿಂದಲೋ ಹೆರಿಗೆಯ ರಕ್ತಸ್ರಾವದಿಂದಲೋ ಅದನ್ನು ಕಳೆದುಕೊಂಡವರೂ ಉಂಟು. ಅಂಥವರಲ್ಲಿ ಆಶೆ ಹುಟ್ಟಿಸಿದವರು ಸ್ವೀಡನ್ನಿನ ಡಾ. ಮ್ಯಾಟ್ಸ್ ಬ್ರಾನ್‌ಸ್ಟ್ರೋಮ್. ಕಸಿ ಮಾಡಿದ ಗರ್ಭಕೋಶದಲ್ಲಿ ಬೆಳೆದ ಪ್ರಪಂಚದ ಮೊದಲ ಮಗು 2014ರಲ್ಲಿ ಅಲ್ಲಿ ಹುಟ್ಟಿತು. ನಮ್ಮ ನೆರೆಯ ಪುಣೆಯ ಗ್ಯಾಲಕ್ಸಿ ಕೇರ್ ಆಸ್ಪತ್ರೆಯಲ್ಲಿ ಡಾ. ಶೈಲೇಶ್ ಪುಣತಾಂಬೇಕರ್ ಅವರ ತಂಡ 2017ರ ಮೇ ತಿಂಗಳಲ್ಲಿ ತಾಯಿಯ ಗರ್ಭಕೋಶವನ್ನು ಮಗಳಿಗೆ ಜೋಡಿಸಿತು. 2018ರ ಅಕ್ಟೋಬರಿನಲ್ಲಿ ಹೆಣ್ಣು ಮಗು ಹುಟ್ಟಿತು. ತನ್ನನ್ನು ಹೊತ್ತ ಗರ್ಭಕೋಶದಲ್ಲಿಯೇ ತನ್ನ ಮಗಳನ್ನೂ ಹೊತ್ತ ಭಾಗ್ಯ ಆ ತಾಯಿಯದು!

ಆಸ್ಪತ್ರೆಯೊಂದು ಈ ಕಾರ್ಯಕ್ಕೆ ತೊಡಗಬೇಕಾದರೆ ಶಸ್ತ್ರವೈದ್ಯರ ಕೈಚಳಕವೊಂದೇ ಸಾಲದು. 1994ರ ಅಂಗಾಂಗ ಕಸಿ ಕಾಯಿದೆಯಂತೆ ಸರ್ಕಾರದ ನೋಂದಣಿ ಬೇಕು, ಕಸಿ ಸಂಯೋಜಕರು ಬೇಕು. ದಂಪತಿಗಳ ಭ್ರೂಣಗಳನ್ನು ಪ್ರಯೋಗಶಾಲೆಯಲ್ಲಿ ಸಿದ್ಧಪಡಿಸಿ ಶೈತ್ಯದಲ್ಲಿ ಕಾಯ್ದಿಡುವ ಏರ್ಪಾಡು ಬೇಕು. ಕಸಿಯಾದ ಮೇಲೆ ದೇಹವು ಪರರ ಅಂಗವನ್ನು ತಿರಸ್ಕರಿಸದಂತೆ ದಿನವೂ ಔಷಧಿ ಕೊಡಬೇಕು. ಹಲವು ತಿಂಗಳ ನಂತರವೇ ಭ್ರೂಣವನ್ನು ಒಳಗಿರಿಸುತ್ತಾರೆ, ಹೆರಿಗೆ ಸಿಸೇರಿಯನ್ನಿನಿಂದ. ಒಂದೆರಡು ಮಕ್ಕಳಾದ ಬಳಿಕ ಆ ಗರ್ಭಕೋಶವನ್ನು ತೆಗೆದುಬಿಡುತ್ತಾರೆ. ಔಷಧಿಯೂ ಅಲ್ಲಿಗೆ ನಿಲ್ಲುತ್ತದೆ.

ಎಲ್ಲ ಕಸಿಗಳೂ ಫಲಿಸುವುದಿಲ್ಲ. ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ, ಜೋಡಿಸಿದ ಅಂಗವನ್ನು ಮತ್ತೆ ತೆಗೆಯಬೇಕಾದ ಪ್ರಸಂಗಗಳೂ ಇವೆ. ಮೂತ್ರಪಿಂಡವನ್ನು ಕೊಡುವುದು ಜೀವ ಉಳಿಸಲಿಕ್ಕೆ. ಗರ್ಭಕೋಶವಿಲ್ಲದೆ ಯಾರ ಜೀವವೂ ಹೋಗದು. ಹೀಗಿರುವಾಗ ಆರೋಗ್ಯವಾಗಿರುವ ಇಬ್ಬರು ಹೆಂಗಸರು ಶಸ್ತ್ರಕ್ರಿಯೆಗೆ ಒಳಗಾಗುವುದೆಂದರೆ ಸಣ್ಣ ಮಾತಲ್ಲ. ಆದುದರಿಂದ ಕೊಡುವವಳ ಒಪ್ಪಿಗೆ ಅವಳ ಮನಸ್ಸಿನಿಂದಲೇ ಬರಬೇಕು. "ಮಗಳಿಗಾಗಿ ಇಷ್ಟೂ ಮಾಡಲಾರಿರಾ?" ಎಂದು ಬೀಗರು ಕೇಳಿದ ಮೇಲೆ ಬಂದ ಒಪ್ಪಿಗೆ ಒಪ್ಪಿಗೆಯಲ್ಲ. ಪಡೆಯುವವಳಿಗೂ ಇದೇ ಮಾತು. ಅವಳನ್ನು ಮನೆಯವರಿಲ್ಲದೆ ಒಬ್ಬಳನ್ನೇ ಕೂರಿಸಿಕೊಂಡು ವಿಚಾರಿಸುವವರು ಆಸ್ಪತ್ರೆಯಲ್ಲಿರಬೇಕು. ಬ್ರೆಜಿಲ್ ದೇಶದಲ್ಲಿ ಮೃತಳೊಬ್ಬಳ ಗರ್ಭಕೋಶದಿಂದಲೂ 2017ರಲ್ಲಿ ಮಗುವಾಗಿದೆ. ಆ ದಾರಿ ಬೆಳೆದರೆ ತಾಯಂದಿರ ಮೇಲಿನ ಭಾರ ಇಳಿದೀತು.

ವಿಜ್ಞಾನ ಹೊಸ ಬಾಗಿಲು ತೆರೆದಿದೆ, ಸಂತೋಷ. ಆದರೆ ಅದರೊಳಗೆ ಹೋಗಲೊಲ್ಲೆನೆಂದ ಸೊಸೆಯನ್ನೂ, ದತ್ತು ಮಗುವನ್ನು ಎತ್ತಿಕೊಂಡು ಬಂದ ಸೊಸೆಯನ್ನೂ ಅಷ್ಟೇ ಆದರದಿಂದ ಕಾಣುವುದು ನಮ್ಮ ಕೆಲಸ. ಅದನ್ನು ಯಾವ ಆಸ್ಪತ್ರೆಯೂ ಮಾಡಿಕೊಡಲಾರದು.